‘ನೀನು’ ಹೋಗಿ ‘ನೀವು’ ಬಂದಾಗ

ಗಂಗಾವತಿಯ ಅಕ್ಕಿ ಗಿರಣಿಯ ಅಂಗಳದಲ್ಲಿ ಆಡಿ ಬೆಳೆದ ಇಬ್ಬರು ಹುಡುಗರ ಕಥೆಯನ್ನು ನಾನು ಮೂರು ಸಲ ಬರೆದೆ. ಮೊದಲೆರಡು ಸಲ ಕೆಟ್ಟಿತು.

ಘಟನೆ ಚಿಕ್ಕದು. ಚೀಲಕ್ಕೆ ಚುಚ್ಚಿ ಮಾದರಿ ಅಕ್ಕಿ ತೆಗೆಯುವ ಕಬ್ಬಿಣದ ಕೊಳವೆ ಇರುತ್ತದಲ್ಲ, ಅದನ್ನು ಕದ್ದು ಇಬ್ಬರೂ ಸೋನಾ ಮಸೂರಿಯ ಚೀಲಕ್ಕೆ ಚುಚ್ಚುತ್ತಾರೆ. ತೂತಿನಿಂದ ಅಕ್ಕಿ ಸುರಿಯುತ್ತಲೇ ಇರುತ್ತದೆ. ಸಾಹುಕಾರರು ಬಂದಾಗ ಕೊಳವೆ ಹಮಾಲನ ಮಗನ ಕೈಯಲ್ಲಿ. ಇನ್ನೊಬ್ಬ ಮುಷ್ಟಿಯಲ್ಲಿ ಅಕ್ಕಿ ಹಿಡಿದೇ ಸುಮ್ಮನೆ ನಿಲ್ಲುತ್ತಾನೆ. ಆ ವಾರದ ಕೂಲಿಯಲ್ಲಿ ಹಮಾಲನಿಗೆ ಕಡಿತ.

ಮೊದಲ ಸಲ ಕಥೆ ಹೇಳುವವನನ್ನು ಸಾಹುಕಾರರ ಮಗನನ್ನಾಗಿ ಮಾಡಿದ್ದೆ. ಓದಿದ ಹೆಂಡತಿ, “ಬರೀ ನಿಮ್ಮ ಅಳುವೇ ತುಂಬಿದೆ, ಆ ಹುಡುಗನಿಗೆ ಅಳುವುದಕ್ಕೂ ಜಾಗ ಬಿಟ್ಟಿಲ್ಲ” ಎಂದಳು. ಸಿಟ್ಟು ಬಂತು. ಎರಡನೆಯ ಸಲ ಅವನಿಗೆ ಜಾಗ ಕೊಟ್ಟೆ, ಆದರೆ ದೇವರನ್ನಾಗಿ ಮಾಡಿಬಿಟ್ಟೆ: ಏಟು ತಿಂದು ಸಹಿಸುವವನು, ಬೈಯದವನು. ಬಡವನನ್ನು ದೇವರಾಗಿಸುವುದೂ ತಾತ್ಸಾರವೇ ಎಂಬುದು ಆಮೇಲೆ ಹೊಳೆಯಿತು. ದೇವರು ಲೆಕ್ಕ ಕೇಳುವುದಿಲ್ಲ ನೋಡಿ. ಮೂರನೆಯ ಸಲ ಅವನು ಗೋಲಿಯಾಟದಲ್ಲಿ ಮೋಸ ಮಾಡುತ್ತಾನೆ, ಗೆಳೆಯನ ಕಾಲುಚೀಲ ನೋಡಿ ನಗುತ್ತಾನೆ, ಚೀಲಕ್ಕೆ ಎಲ್ಲಿ ಚುಚ್ಚಬೇಕೆಂದು ಕಲಿಸುವವನೂ ಅವನೇ.

ಕಷ್ಟವಾದದ್ದು ಬೇರೆ. ನನ್ನ ಅಪ್ಪ ಸಾಹುಕಾರರಲ್ಲ, ಗಿರಣಿಯೊಂದರ ಗುಮಾಸ್ತ. ಪಾಪವನ್ನೆಲ್ಲ ಶ್ರೀಮಂತರ ಮನೆಗೆ ಸಾಗಿಸಿ ನಾನು ಕೈ ತೊಳೆದುಕೊಂಡಿದ್ದೆ. ಗುಮಾಸ್ತನ ಸಂಬಳ ಕಡಿಮೆಯೇ, ಆದರೆ ಅವನಿಗೆ ಕುರ್ಚಿ ಇದೆ. ಆ ಕುರ್ಚಿ ಹೋದೀತೆಂಬ ಭಯದಿಂದಲೇ ನಮ್ಮ ಮನೆಯಲ್ಲಿ, “ಹಮಾಲರ ಮನೆಯಲ್ಲಿ ಏನಾದರೂ ತಿಂದೆಯಾ?” ಎಂಬ ಪ್ರಶ್ನೆ ದಿನಾ ಸಂಜೆ ಏಳುತ್ತಿತ್ತು. ಕಥೆ ಹೇಳುವವನನ್ನು ಗುಮಾಸ್ತನ ಮಗನನ್ನಾಗಿ ಮಾಡಿದ ಕೂಡಲೇ ಅವನ ಮೌನಕ್ಕೆ ಕಾರಣ ಸಿಕ್ಕಿತು. ಕೂಲಿ ಕಡಿತವನ್ನು ಪುಸ್ತಕದಲ್ಲಿ ಬರೆಯುವವನು ಅವನ ಅಪ್ಪನೇ. ಆ ಸಾಲನ್ನು ಬರೆಯುವಾಗ ಮಸಿ ಒರೆಸುವ ಕಾಗದವನ್ನು ಎರಡು ಸಲ ಒತ್ತುತ್ತಾನೆ, ಅಷ್ಟೇ ತೋರಿಸಿದೆ.

(ಊರು ರಾಯಚೂರು ಜಿಲ್ಲೆಯಲ್ಲಿದ್ದ ಕಾಲದ ಕಥೆಯಿದು. ಕೊಪ್ಪಳ ಬೇರೆ ಜಿಲ್ಲೆಯಾದದ್ದು 1997ರಲ್ಲಿ. ಮೊದಲ ಪ್ರತಿಯಲ್ಲಿ ಶಾಲೆಯ ಬೋರ್ಡಿನ ಮೇಲೆ ‘ಕೊಪ್ಪಳ ಜಿಲ್ಲೆ’ ಎಂದು ಬರೆದಿದ್ದೆ!)

ಮೇಲು ಕೀಳಿನ ಮಾತನ್ನು ವಿವರಿಸುವ ವಾಕ್ಯಗಳನ್ನೆಲ್ಲ ತೆಗೆದು ಆ ಭಾರವನ್ನು ಸಂಬೋಧನೆಯ ಮೇಲೆ ಹೊರಿಸಿದೆ. ತುಂಗಭದ್ರಾ ಎಡದಂಡೆ ಕಾಲುವೆಯಲ್ಲಿ ಈಜುವಾಗ ಇಬ್ಬರೂ ‘ನೀನು’. ಗಿರಣಿಯ ಗೇಟು ದಾಟಿದರೆ ಹಮಾಲನ ಮಗ ತಾನಾಗಿಯೇ ‘ನೀವು’ ಅನ್ನುತ್ತಾನೆ, ಕಣ್ಣು ಮಿಟುಕಿಸಿ, ಅದೂ ಒಂದು ಆಟವೆಂಬಂತೆ. ಅಕ್ಕಿ ಸುರಿದ ಮರುದಿನ ಕಾಲುವೆಯ ದಂಡೆಯ ಮೇಲೆ, ಬೇರೆ ಯಾರೂ ಇಲ್ಲದಾಗ, “ನೀವು ಮೊದಲು ಇಳಿಯಿರಿ” ಅನ್ನುತ್ತಾನೆ. ಕಣ್ಣು ಮಿಟುಕಿಸುವುದಿಲ್ಲ.

ಹಿಂದಿನ ಪ್ರತಿಗಳ ಕೊನೆಯಲ್ಲಿ ಕ್ಷಮೆ ಕೇಳುವ ಆರು ಪುಟಗಳಿದ್ದವು. ಹೊಡೆದು ಹಾಕಿದೆ. ಈಗ ಇಪ್ಪತ್ತು ವರ್ಷಗಳ ಮೇಲೆ ಬಸ್ ನಿಲ್ದಾಣದಲ್ಲಿ ಇಬ್ಬರೂ ಎದುರಾಗುತ್ತಾರೆ. ಹಮಾಲನ ಮಗನದೇ ಸ್ವಂತ ಟೆಂಪೊ ಇದೆ. ಬಾಗಿಲು ತೆರೆದು ಸೀಟಿನ ಧೂಳು ಕೊಡವಿ, “ನೀವು ಮುಂದೆ ಕುಳಿತುಕೊಳ್ಳಿ” ಅನ್ನುತ್ತಾನೆ. ಅದರ ಮುಂದಿನ ವಾಕ್ಯಕ್ಕಾಗಿ ಎರಡು ದಿನ ಕಾದೆ. ಬರಲಿಲ್ಲ.