ಕೌಟುಂಬಿಕ ಹಾಸ್ಯ ಚಿತ್ರಕ್ಕೆ ವಿಮರ್ಶಕರು ಏನೆಂದರು: ಒಟ್ಟುಗೂಡಿಸಿ ಬರೆಯುವ ಬಗೆ

ನಗಿಸುತ್ತಲೇ ಕಣ್ಣೊದ್ದೆ ಮಾಡುವ ಕೌಟುಂಬಿಕ ಚಿತ್ರಗಳ ಬಗ್ಗೆ ಬರೆಯುವವರು ‘ಮಿಶ್ರ ಪ್ರತಿಕ್ರಿಯೆ ಸಿಕ್ಕಿತು’ ಎಂದು ಕೈತೊಳೆದುಕೊಳ್ಳುವುದೇ ಹೆಚ್ಚು. ವಿಮರ್ಶಕರು ಯಾವುದನ್ನು ಒಪ್ಪಿದರು, ಯಾವುದಕ್ಕೆ ತಕರಾರು ತೆಗೆದರು ಎಂಬುದೇ ಅದರಲ್ಲಿ ಇರುವುದಿಲ್ಲ.

ಮೊದಲು 15ರಿಂದ 20 ವಿಮರ್ಶೆಗಳನ್ನು ಪೂರ್ತಿ ಓದಿ. ತಲೆಬರಹ ಮತ್ತು ಸ್ಟಾರ್‌ಗಳನ್ನಷ್ಟೇ ನೋಡಿದರೆ ಸಾಲದು. ಮೂರು ಸ್ಟಾರ್ ಕೊಟ್ಟವರೇ ಒಳಗೆ ಚಿತ್ರಕಥೆಯನ್ನು ಚೆನ್ನಾಗಿ ಝಾಡಿಸಿರುತ್ತಾರೆ. ಚಿತ್ರೋತ್ಸವದಲ್ಲಿ ನೋಡಿ ಬರೆದವನ್ನೂ ಬಿಡುಗಡೆಯ ನಂತರದವನ್ನೂ ಬೇರೆಬೇರೆ ಇಡಿ, ಏಕೆಂದರೆ ಉತ್ಸವದ ಹುರುಪು ಎಷ್ಟೋ ಸಲ ಬಿಡುಗಡೆಯ ಹೊತ್ತಿಗೆ ಇಳಿದಿರುತ್ತದೆ. ಪೋಸ್ಟರ್ ಮೇಲಿನ ಹೊಗಳಿಕೆಯನ್ನು ಮೂಲ ವಿಮರ್ಶೆ ನೋಡದೆ ಬಳಸಲೇಬೇಡಿ: ‘ಮೊದಲರ್ಧ ಅದ್ಭುತ, ಆಮೇಲೆ ಆಕಳಿಕೆ’ ಎಂಬ ಮಾತಿನಲ್ಲಿ ಪೋಸ್ಟರಿಗೆ ಬರುವುದು ‘ಅದ್ಭುತ’ ಮಾತ್ರ.

ಓದುತ್ತ ಒಂದು ಪಟ್ಟಿ ಮಾಡಿ: ಒಟ್ಟು ತೀರ್ಪು, ನಟನೆ, ಹಾಸ್ಯ, ಭಾವುಕ ದೃಶ್ಯಗಳು, ಕೊನೆಯ ಅರ್ಧ ಗಂಟೆ. ಈ ಬಗೆಯ ಚಿತ್ರದಲ್ಲಿ ನಟನೆಯ ಬಗ್ಗೆ ಬಹುಪಾಲು ಒಮ್ಮತವಿರುತ್ತದೆ. ಭಿನ್ನಾಭಿಪ್ರಾಯ ಹುಟ್ಟುವುದು ನಗು ಅಳುವಿಗೆ ತಿರುಗುವ ಜಾಗದಲ್ಲಿ. ಕೂತು ಬಗೆಹರಿಸಿಕೊಳ್ಳದ ಜಗಳ ಒಂದು ಕಾಯಿಲೆಯಿಂದಲೋ ಸಾವಿನಿಂದಲೋ ದಿಢೀರನೆ ಮುಗಿದರೆ ಒಬ್ಬರಿಗೆ ಅದು ಹೃದಯಸ್ಪರ್ಶಿ, ಇನ್ನೊಬ್ಬರಿಗೆ ಬಲವಂತದ ಕಣ್ಣೀರು. ನಿಮ್ಮ ಬರಹದ ತಿರುಳು ಇಲ್ಲೇ ಸಿಗುತ್ತದೆ; ಎರಡೂ ಕಡೆಯವರು ಅದೇ ದೃಶ್ಯದ ಬಗ್ಗೆ ಹೇಳಿದ್ದನ್ನು ಅಕ್ಕಪಕ್ಕ ಇಡಿ.

ಇನ್ನು ಅಂಕಗಳು. ಇಲ್ಲಿ ಎಡವುವವರೇ ಜಾಸ್ತಿ. ವಿಮರ್ಶೆಗಳನ್ನು ಒಟ್ಟುಗೂಡಿಸುವ ಜಾಲತಾಣ ರಾಟನ್ ಟೊಮ್ಯಾಟೋಸ್‌ನ ಶೇಕಡಾ ಲೆಕ್ಕ ಚಿತ್ರಕ್ಕೆ ಸಿಕ್ಕ ಅಂಕವಲ್ಲ, ಚಿತ್ರವನ್ನು ಒಟ್ಟಾರೆ ಮೆಚ್ಚಿದ ವಿಮರ್ಶಕರ ಪ್ರಮಾಣ. ಹತ್ತೂ ಮಂದಿ ಐದಕ್ಕೆ ಮೂರು ಕೊಟ್ಟು ‘ನೋಡಬಹುದು’ ಎಂದರೆ 100% ಬರುತ್ತದೆ. ಆರು ಮಂದಿ ಐದಕ್ಕೆ ಐದು, ನಾಲ್ವರು ಎರಡು ಕೊಟ್ಟರೆ ಬರುವುದು 60%. ಆದರೆ ಸರಾಸರಿ 3.8, ಅಂದರೆ ಮೊದಲಿನದಕ್ಕಿಂತ ಹೆಚ್ಚು! ಅಂಥದೇ ಇನ್ನೊಂದು ಜಾಲತಾಣ ಮೆಟಾಕ್ರಿಟಿಕ್‌ನದು ನೂರಕ್ಕೆ ಲೆಕ್ಕ ಹಾಕಿದ ಸರಾಸರಿ, ಅದರಲ್ಲೂ ಕೆಲವು ಪತ್ರಿಕೆಗಳಿಗೆ ಹೆಚ್ಚು ತೂಕ. ಎರಡನ್ನೂ ಕೊಡಿ, ಯಾವುದು ಏನನ್ನು ಅಳೆಯುತ್ತದೆ ಎಂದೂ ಹೇಳಿ.

ಸಿನಿಮಾಸ್ಕೋರ್ ವಿಮರ್ಶಕರದ್ದಲ್ಲ. ಅಮೆರಿಕದಲ್ಲಿ ಮೊದಲ ದಿನದ ಪ್ರೇಕ್ಷಕರನ್ನು ಕೇಳಿ ಕೊಡುವ ದರ್ಜೆ ಅದು. ಆಸೆಪಟ್ಟು ಮೊದಲ ದಿನವೇ ಬಂದವರು ಧಾರಾಳವಾಗಿಯೇ ಕೊಡುತ್ತಾರೆ, ಹಾಗಾಗಿ ‘ಬಿ’ ಬಂದರೆ ಹಿಗ್ಗಬೇಕಿಲ್ಲ. ಇದಕ್ಕೆ ಬೇರೆ ಪ್ಯಾರಾ ಇರಲಿ.

ಬರೆಯುವಾಗ ಒಬ್ಬೊಬ್ಬ ವಿಮರ್ಶಕನಿಗೂ ಒಂದೊಂದು ವಾಕ್ಯ ಹಂಚುತ್ತ ಹೋದರೆ ಹಾಜರಿ ಪುಸ್ತಕವಾಗುತ್ತದೆ. ನಟನೆ, ಹಾಸ್ಯ, ಮುಕ್ತಾಯ ಎಂದು ವಿಷಯವಾರು ಜೋಡಿಸಿ, ಪ್ರತಿಯೊಂದಕ್ಕೂ ಎರಡು ಮೂರು ಹೆಸರು ಸಾಕು. ಎಲ್ಲರೂ ‘ಸಾಧಾರಣ’ ಎಂದಿದ್ದರೆ ಹಾಗೆಂದೇ ಬರೆಯಿರಿ. ಅರ್ಧ ಮಂದಿ ಮೆಚ್ಚಿ ಅರ್ಧ ಮಂದಿ ಸಿಡುಕಿದ್ದರೆ ಅದು ಬೇರೆಯೇ ಮಾತು.

ಅಂಕದ ಜೊತೆ ವಿಮರ್ಶೆಗಳ ಸಂಖ್ಯೆ, ನೋಡಿದ ದಿನಾಂಕ ಎರಡೂ ಇರಲೇಬೇಕು. 10ರಲ್ಲಿ 9 ಮೆಚ್ಚುಗೆಯಿದ್ದಾಗ ಇನ್ನೊಂದು ಕಟುವಿಮರ್ಶೆ ಬಂದರೆ 90% ಇದ್ದದ್ದು 82ಕ್ಕೆ ಇಳಿಯುತ್ತದೆ. 200 ವಿಮರ್ಶೆಗಳಿದ್ದರೆ ಅದೇ ಅಂಕ ಅಲುಗುವುದೂ ಇಲ್ಲ.