ಡೊಮೇನ್ ಕಾಯುವುದು: ಬೀಗಕ್ಕಿಂತ ಮೊದಲು ಹೆಸರು, ಇಮೇಲ್

ಡೊಮೇನ್ ಅಂದರೆ ವೆಬ್‌ಸೈಟಿಗೂ ಇಮೇಲಿಗೂ ವಿಳಾಸವಾಗುವ ಹೆಸರು. ಅದನ್ನು ಕದಿಯುವವರಿಗೆ ಸರ್ವರ್ ಒಡೆಯುವ ಉಸಾಬರಿ ಬೇಕಿಲ್ಲ. "ಇದು ನನ್ನದೇ" ಎಂದು ಆ ಹೆಸರನ್ನು ನೋಂದಾಯಿಸಿ ಕೊಡುವ ರಿಜಿಸ್ಟ್ರಾರ್ ಕಂಪನಿಯನ್ನು ನಂಬಿಸಿದರೆ ಕೆಲಸ ಮುಗಿಯಿತು. ಹಲವು ಸಂಸ್ಥೆಗಳ ವೆಬ್‌ಸೈಟು, ಇಮೇಲು ನೋಡಿಕೊಳ್ಳುವುದು ನನ್ನ ವೃತ್ತಿ. ಯಾರೇ ಹೊಸದಾಗಿ ಕೆಲಸ ಒಪ್ಪಿಸಿದರೂ ನಾನು ಮೊದಲು ಕೇಳುವುದು ಪಾಸ್‌ವರ್ಡನ್ನಲ್ಲ. "ರಿಜಿಸ್ಟ್ರಾರ್ ಖಾತೆಗೆ ಲಾಗಿನ್ ಆಗಿ, ರಿಜಿಸ್ಟ್ರೆಂಟ್ (ಮಾಲೀಕರು) ಅನ್ನುವ ಜಾಗದಲ್ಲಿ ಯಾರ ಹೆಸರಿದೆ, ಯಾವ ಇಮೇಲ್ ಇದೆ, ಸ್ಕ್ರೀನ್‌ಶಾಟ್ ಕಳಿಸಿ" ಅನ್ನುತ್ತೇನೆ. ಅರ್ಧ ಜನಕ್ಕೆ ಆ ಖಾತೆ ಎಲ್ಲಿದೆ ಅಂತಲೇ ಗೊತ್ತಿರುವುದಿಲ್ಲ.

ಈ ವಿದ್ಯೆ ಹೊಸದೇನಲ್ಲ. ಗ್ಯಾರಿ ಕ್ರೆಮೆನ್ ಎಂಬಾತ 1994ರಲ್ಲಿ ಸೆಕ್ಸ್ ಡಾಟ್ ಕಾಮ್ ನೋಂದಾಯಿಸಿಕೊಂಡಿದ್ದ. ಮರುವರ್ಷ ಸ್ಟೀಫನ್ ಕೊಹೆನ್ ಒಂದು ಖೊಟ್ಟಿ ಪತ್ರ ತೋರಿಸಿ ನೆಟ್‌ವರ್ಕ್ ಸಲ್ಯೂಷನ್ಸ್ ಕಂಪನಿಯಿಂದ ಅದನ್ನು ತನ್ನ ಹೆಸರಿಗೆ ಮಾಡಿಸಿಕೊಂಡ. ಕ್ರೆಮೆನ್‌ಗೆ ಒಂದು ಮಾತು ಕೇಳುವ ಗೋಜಿಗೂ ಯಾರೂ ಹೋಗಲಿಲ್ಲ. ಮುಂದೆ ನ್ಯಾಯಾಲಯ ಡೊಮೇನನ್ನು ವಾಪಸು ಕೊಡಿಸಿ 6.5 ಕೋಟಿ ಡಾಲರ್ ಪರಿಹಾರಕ್ಕೆ ಆದೇಶ ಮಾಡಿತು, ಕೊಹೆನ್ ದೇಶ ಬಿಟ್ಟು ಮೆಕ್ಸಿಕೋ ಸೇರಿಕೊಂಡ. ಡೊಮೇನ್ ಕೂಡ ಒಂದು ಸ್ವತ್ತು ಎಂದು ಅಮೆರಿಕದ ಮೇಲ್ಮನವಿ ನ್ಯಾಯಾಲಯ ಇದೇ ಪ್ರಕರಣದಲ್ಲಿ 2003ರಲ್ಲಿ ಹೇಳಿತು. ಅಂದು ಬೇಕಾದದ್ದು ಒಂದು ಖೊಟ್ಟಿ ಪತ್ರ, ಇಂದು ಬೇಕಾದದ್ದು ನಿಮ್ಮ ಇಮೇಲ್ ಡಬ್ಬಿ.

ಹೆಸರಿನ ವಿಚಾರದಲ್ಲಿ ನಾನು ನೋಡಿದ ತಕರಾರುಗಳಲ್ಲಿ ಹೆಚ್ಚಿನವು ಹ್ಯಾಕರ್‌ಗಳದ್ದಲ್ಲ. ವೆಬ್‌ಸೈಟ್ ಮಾಡಿಕೊಟ್ಟವರು ಡೊಮೇನನ್ನೂ ತಮ್ಮ ಹೆಸರಿನಲ್ಲೇ, ತಮ್ಮ ಇಮೇಲಿನಲ್ಲೇ ಕೊಂಡಿರುತ್ತಾರೆ. ಮೇಸ್ತ್ರಿಯ ಹೆಸರಿಗೆ ಮನೆಪತ್ರ ಆದ ಹಾಗೆ. ಬಹುತೇಕರಿಗೆ ದುರುದ್ದೇಶ ಇರುವುದಿಲ್ಲ, ಸುಲಭವಾಗಲಿ ಅಂತ ಮಾಡಿರುತ್ತಾರೆ. ಆದರೆ ಸಂಬಂಧ ಹಳಸಿದ ದಿನ, ಅಥವಾ ಆ ಮನುಷ್ಯ ಕೆಲಸ ಬಿಟ್ಟು ಹೋದ ದಿನ, ಇಷ್ಟು ವರ್ಷ ದುಡ್ಡು ಕಟ್ಟಿದವರು ನೀವೇ ಆದರೂ ದಾಖಲೆಯಲ್ಲಿ ಮಾಲೀಕರು ಅವರು. ಹಾಗಾಗಿ ನನ್ನ ಕೈಗೆ ಬಂದ ಪ್ರತಿ ಡೊಮೇನನ್ನೂ ಸಂಸ್ಥೆಯ ಸ್ವಂತ ಖಾತೆಗೆ, ಸಂಸ್ಥೆಯ ಹೆಸರಿಗೆ ಮಾಡಿಸುತ್ತೇನೆ. ನನ್ನ ಹೆಸರು ತಾಂತ್ರಿಕ ಸಂಪರ್ಕದಲ್ಲಿದ್ದರೆ ಸಾಕು. ಹೀಗೆ ಮಾಲೀಕರ ಹೆಸರು ಬದಲಿಸಿದಾಗ ಕೆಲವು ರಿಜಿಸ್ಟ್ರಾರ್‌ಗಳಲ್ಲಿ 60 ದಿನ ಬೇರೆ ಕಡೆಗೆ ವರ್ಗಾಯಿಸಲು ಆಗುವುದಿಲ್ಲ. ವರ್ಗಾವಣೆಯೂ ಮಾಡುವುದಿದ್ದರೆ ಯಾವುದು ಮೊದಲು ಎಂದು ಲೆಕ್ಕ ಹಾಕಿಕೊಂಡೇ ಕೈ ಹಾಕಿ.

ಇನ್ನು ಇಮೇಲ್. ರಿಜಿಸ್ಟ್ರಾರ್ ಖಾತೆಗೆ ಕೊಡುವ ಇಮೇಲ್ ವಿಳಾಸ ಅದೇ ಡೊಮೇನಿನದ್ದಾಗಿರಬಾರದು. ಡೊಮೇನ್ ಕೈ ತಪ್ಪಿದ ಗಳಿಗೆಯಲ್ಲಿ ಆ ವಿಳಾಸಕ್ಕೆ ಬರುವ ಮೇಲೂ ಕಳ್ಳನ ಪಾಲು. ಪಾಸ್‌ವರ್ಡ್ ಬದಲಿಸುವ ಲಿಂಕು, ಎಚ್ಚರಿಕೆ, ರಿಜಿಸ್ಟ್ರಾರ್ ಜೊತೆಗಿನ ಪತ್ರವ್ಯವಹಾರ ಎಲ್ಲ ಅವನಿಗೇ. ಡೊಮೇನ್ ಅವಧಿ ಮುಗಿದು ನಿಂತರೂ ಅಷ್ಟೇ, ನವೀಕರಣದ ನೆನಪೋಲೆ ನಿಂತುಹೋದ ವಿಳಾಸಕ್ಕೇ ಹೋಗುತ್ತದೆ. ನಾನು ಇದಕ್ಕೆಂದೇ ಬೇರೆ ಸೇವೆಯಲ್ಲಿ ಒಂದು ವಿಳಾಸ ಇಟ್ಟಿದ್ದೇನೆ, ಅದನ್ನು ಇನ್ನೆಲ್ಲೂ ಬಳಸುವುದಿಲ್ಲ, ಯಾರಿಗೂ ಕೊಡುವುದಿಲ್ಲ. ಅದಕ್ಕೂ ರಿಜಿಸ್ಟ್ರಾರ್ ಖಾತೆಗೂ ಎರಡನೇ ಹಂತದ ಪರಿಶೀಲನೆ ಇದೆ, ಆದರೆ ಎಸ್‌ಎಂಎಸ್ ಮೂಲಕ ಅಲ್ಲ. ಸಿಮ್ಮನ್ನೇ ತಮ್ಮ ಹೆಸರಿಗೆ ಮಾಡಿಸಿಕೊಳ್ಳುವ ವಂಚಕರಿಗೆ ಎಸ್‌ಎಂಎಸ್ ಕೋಡ್ ಉಡುಗೊರೆ ಇದ್ದಂತೆ. ಅಥೆಂಟಿಕೇಟರ್ ಆ್ಯಪ್ ಅಥವಾ ಯುಎಸ್‌ಬಿ ಭದ್ರತಾ ಕೀಲಿ ಇರಲಿ. ಬ್ಯಾಕಪ್ ಕೋಡುಗಳನ್ನು ಕಾಗದದ ಮೇಲೆ ಬರೆದು ಬೀರುವಿನಲ್ಲಿಡಿ.

ಆಗಾಗ ಆ ಮೇಲ್ ಖಾತೆಯ ಸೆಟ್ಟಿಂಗ್ಸ್ ತೆರೆದು ಫಾರ್ವರ್ಡಿಂಗ್, ಫಿಲ್ಟರ್ ಎರಡನ್ನೂ ನೋಡುತ್ತೇನೆ. ಒಳಗೆ ಬಂದ ಕಳ್ಳ ಪಾಸ್‌ವರ್ಡ್ ಬದಲಿಸಿ ಗದ್ದಲ ಎಬ್ಬಿಸುವುದಿಲ್ಲ. ರಿಜಿಸ್ಟ್ರಾರ್‌ನಿಂದ ಬರುವ ಮೇಲನ್ನೆಲ್ಲ ಓದಿದಂತೆ ಗುರುತು ಮಾಡಿ ಕಸದ ಬುಟ್ಟಿಗೆ ಹಾಕುವ ಒಂದು ಫಿಲ್ಟರ್ ಬರೆದು, ಸದ್ದಿಲ್ಲದೆ ಕೂರುತ್ತಾನೆ.

ಬೀಗದ ಮಾತು ಇಷ್ಟರ ನಂತರ. ಡೊಮೇನ್ ಬೇರೆ ರಿಜಿಸ್ಟ್ರಾರ್‌ಗೆ ಹೋಗದಂತೆ ತಡೆಯುವ ಟ್ರಾನ್ಸ್‌ಫರ್ ಲಾಕ್ ಎಂಬ ಗುಂಡಿ ಬಹುತೇಕ ರಿಜಿಸ್ಟ್ರಾರ್‌ಗಳಲ್ಲಿ ಇರುತ್ತದೆ. ಹಾಕಿದೆಯೋ ಇಲ್ಲವೋ ಎಂದು ಖಾತೆಯ ಪುಟವನ್ನಷ್ಟೇ ನಂಬದೆ ಹೊರಗಿನಿಂದಲೂ ನೋಡಿ. ಡೊಮೇನ್ ವ್ಯವಸ್ಥೆಯ ಮೇಲುಸ್ತುವಾರಿ ಮಾಡುವ ಐಕ್ಯಾನ್ ಸಂಸ್ಥೆಯ ಲುಕ್‌ಅಪ್ ಪುಟದಲ್ಲಿ ಡೊಮೇನ್ ಹೆಸರು ಕೊಟ್ಟರೆ, ಸ್ಟೇಟಸ್ ಅನ್ನುವ ಸಾಲಿನಲ್ಲಿ "ಕ್ಲೈಂಟ್ ಟ್ರಾನ್ಸ್‌ಫರ್ ಪ್ರೊಹಿಬಿಟೆಡ್" ಎಂದು ಕಾಣಬೇಕು. ಕ್ಲೈಂಟ್ ಎಂದು ಶುರುವಾಗುವುದು ರಿಜಿಸ್ಟ್ರಾರ್ ಹಾಕಿದ ಬೀಗ. ಅದೇ ಸಾಲು ಸರ್ವರ್ ಎಂದು ಶುರುವಾದರೆ ಅದು ಇನ್ನೂ ಮೇಲಿನ, ರಿಜಿಸ್ಟ್ರಿ ಮಟ್ಟದ ಬೀಗ. ರಿಜಿಸ್ಟ್ರಿ ಅಂದರೆ ಡಾಟ್ ಕಾಮ್‌ನಂಥ ಒಂದು ಗುಂಪಿನ ಎಲ್ಲ ಹೆಸರುಗಳ ಮೂಲ ದಾಖಲೆ ಇಡುವವರು. ರಿಜಿಸ್ಟ್ರಿ ಲಾಕ್ ಎಂದು ಪ್ರತ್ಯೇಕ ಶುಲ್ಕಕ್ಕೆ ಸಿಗುವ ಆ ಸೇವೆಯಲ್ಲಿ ಮನುಷ್ಯರೇ ಗುರುತು ಖಾತ್ರಿ ಮಾಡಿಕೊಂಡು ಬಿಚ್ಚಬೇಕು. ಸಣ್ಣ ಸಂಸ್ಥೆಗೆ ಅದು ಬೇಡ. ಇಡೀ ವ್ಯವಹಾರವೇ ಒಂದು ಡೊಮೇನಿನ ಮೇಲೆ ನಿಂತಿದ್ದರೆ ದುಡ್ಡು ನೋಡದೆ ಹಾಕಿಸಿ.

ಸಾಮಾನ್ಯ ಬೀಗದ ಮಿತಿ ಏನೆಂದರೆ, ಖಾತೆಗೆ ನುಗ್ಗಿದವನೇ ಅದನ್ನೂ ತೆಗೆಯಬಲ್ಲ, ಬೇರೆ ರಿಜಿಸ್ಟ್ರಾರ್‌ಗೆ ಒಯ್ಯಲು ಬೇಕಾದ ಆಥ್ ಕೋಡ್ ಎಂಬ ಗುಪ್ತ ಸಂಕೇತವನ್ನೂ ಪಡೆಯಬಲ್ಲ. ಆಮೇಲೆ ಹಳೆಯ ರಿಜಿಸ್ಟ್ರಾರ್‌ನಿಂದ ಡೊಮೇನ್ ಮಾಲೀಕರಿಗೆ ಒಂದು ಮೇಲ್ ಹೋಗುತ್ತದೆ, ಯಾರೂ ಆಕ್ಷೇಪಿಸದಿದ್ದರೆ 5 ದಿನಕ್ಕೆ ಡೊಮೇನ್ ಹೊರಟುಹೋಗುತ್ತದೆ. ಆ ಒಂದು ಮೇಲ್ ಕಣ್ಣಿಗೆ ಬೀಳಬೇಕು, ಅದಕ್ಕೇ ಇಮೇಲಿನ ಬಗ್ಗೆ ಅಷ್ಟು ಉದ್ದ ಬರೆದದ್ದು. ಡಿಎನ್‌ಎಸ್‌ಸೆಕ್ ಹಾಕಿಸಿದರೆ ಕಳ್ಳತನದ ಭಯವಿಲ್ಲ ಎಂದು ಮಾರುವವರಿದ್ದಾರೆ. ಈ ಹೆಸರಿನ ಸರ್ವರ್ ಎಲ್ಲಿದೆ ಎಂದು ಕೇಳಿದಾಗ ಬರುವ ಉತ್ತರವನ್ನು ಯಾರಾದರೂ ದಾರಿಯ ಮಧ್ಯೆ ತಿದ್ದಿದರೆ ಪತ್ತೆ ಹಚ್ಚುವ ವ್ಯವಸ್ಥೆ ಅದು. ಖಾತೆಯೇ ಕಳ್ಳನ ಕೈಗೆ ಹೋದರೆ ಅದನ್ನು ಅವನು ಒಂದು ಕ್ಲಿಕ್ಕಿನಲ್ಲಿ ಆರಿಸುತ್ತಾನೆ. ನಾನು ಹಾಕಿಸುತ್ತೇನೆ, ಆದರೆ ಅದರ ಮೇಲೆ ಭಾರ ಹಾಕುವುದಿಲ್ಲ.

ಪರ್ಲ್ ಡಾಟ್ ಕಾಮ್ ಪ್ರಕರಣ ಓದಿದ ಮೇಲೆ ನನ್ನ ಕ್ರಮದಲ್ಲಿ ಒಂದು ಅಭ್ಯಾಸ ಸೇರಿಕೊಂಡಿತು. ಪರ್ಲ್ ಎಂಬ ಪ್ರೋಗ್ರಾಮಿಂಗ್ ಭಾಷೆಯವರ ಹಳೆಯ ಡೊಮೇನ್ ಅದು. ಜನವರಿ 2021ರಲ್ಲಿ ಸೈಟು ಇದ್ದಕ್ಕಿದ್ದಂತೆ ಬೇರೆಲ್ಲಿಗೋ ತೆರೆದುಕೊಂಡಾಗ ಗುಟ್ಟು ರಟ್ಟಾಯಿತು. ಹಿಂದಕ್ಕೆ ಹೋಗಿ ನೋಡಿದರೆ ಹತೋಟಿ ತಪ್ಪಿದ್ದು 2020ರ ಸೆಪ್ಟೆಂಬರ್‌ನಲ್ಲೇ. ಡಿಸೆಂಬರ್‌ನಲ್ಲಿ ಅದು ಇನ್ನೊಂದು ರಿಜಿಸ್ಟ್ರಾರ್‌ಗೆ ಹೋಗಿತ್ತು, ಜನವರಿಯಲ್ಲಿ ಮತ್ತೊಂದಕ್ಕೆ. ಅಲ್ಲಿಯವರೆಗೆ ಕಳ್ಳರು ನೇಮ್‌ಸರ್ವರ್, ಅಂದರೆ ಹೆಸರಿನ ಸೈಟು, ಮೇಲ್ ಎಲ್ಲಿವೆ ಎಂದು ತಿಳಿಸುವ ಸರ್ವರ್, ಮುಟ್ಟಿರಲಿಲ್ಲ. ಸೈಟು ಎಂದಿನಂತೆ ತೆರೆಯುತ್ತಿತ್ತು, ಮೇಲ್ ಬರುತ್ತಿತ್ತು, ಯಾರಿಗೆ ಅನುಮಾನ ಬರಬೇಕು? ಫೆಬ್ರುವರಿಯಲ್ಲಿ ಅದು ಮೂಲ ಮಾಲೀಕರಿಗೆ ಮರಳಿತು, ಅವರ ಪುಣ್ಯ.

ಸೈಟು ಸರಿಯಾಗಿ ತೆರೆಯುತ್ತಿದೆಯೇ ಎಂದು ಕಾಯುವ ಸಾಧನಗಳು ಇಂಥ ಕಡೆ ಕುರುಡು. ಕಾಯಬೇಕಾದ್ದು ನೋಂದಣಿ ದಾಖಲೆಯನ್ನು. ಈ ದಾಖಲೆ ತೋರಿಸುವ, ಹೂಈಸ್ ಎಂದು ನಾವೆಲ್ಲ ಕರೆಯುತ್ತಿದ್ದ ಹಳೆಯ ಸೇವೆಯ ಜಾಗಕ್ಕೆ ಡಾಟ್ ಕಾಮ್ ಮುಂತಾದವುಗಳಲ್ಲಿ 2025ರ ಜನವರಿಯಿಂದ ಆರ್‌ಡಿಎಪಿ ಬಂದಿದೆ. ಅದು ಪ್ರೋಗ್ರಾಮ್ ಓದಲು ಅನುಕೂಲವಾದ ರೂಪದಲ್ಲಿ ಉತ್ತರ ಕೊಡುತ್ತದೆ. ನನ್ನದೊಂದು ಪುಟ್ಟ ಸ್ಕ್ರಿಪ್ಟ್ ದಿನಾ ಬೆಳಿಗ್ಗೆ ಪ್ರತಿ ಡೊಮೇನಿನ ರಿಜಿಸ್ಟ್ರಾರ್ ಹೆಸರು, ಸ್ಟೇಟಸ್, ನೇಮ್‌ಸರ್ವರ್, ಕೊನೆಯ ಬದಲಾವಣೆಯ ದಿನಾಂಕ ಇಷ್ಟನ್ನು ತಂದು ನಿನ್ನೆಯದಕ್ಕೆ ಹೋಲಿಸುತ್ತದೆ. ವ್ಯತ್ಯಾಸ ಇದ್ದರಷ್ಟೇ ನನಗೆ ಸಂದೇಶ. ಸ್ಕ್ರಿಪ್ಟ್ ಬರೆಯಲು ಬಾರದವರು ತಿಂಗಳಿಗೊಮ್ಮೆ ಕೈಯಾರೆ ನೋಡಿದರೂ ಪರ್ಲ್‌ನವರಿಗಿಂತ ಬೇಗ ತಿಳಿಯುತ್ತದೆ.

ಈಗ ವಂಚನೆಯ ಪತ್ರಗಳು. ಇಲ್ಲಿ ಗುರಿ ತಂತ್ರಜ್ಞ ಅಲ್ಲ, ಬಿಲ್ ಕಟ್ಟುವವರು. ಒಂದು ಸಂಸ್ಥೆಯ ಲೆಕ್ಕಪತ್ರದವರು ಫೋನ್ ಮಾಡಿದರು.

"ಸರ್, ಡೊಮೇನ್ ಬಿಲ್ ಬಂದಿದೆ. ಇದೇ ವಾರ ಕೊನೆ ದಿನ ಅಂತಿದೆ, ಕಟ್ಟಿಬಿಡ್ಲಾ?"

"ಯಾವ ಕಂಪನಿ ಕಳಿಸಿದ್ದು, ಹೆಸರು ಓದಿ."

ಓದಿದರು. ನಮ್ಮ ರಿಜಿಸ್ಟ್ರಾರ್ ಅಲ್ಲ.

"ಕೆಳಗೆ ಸಣ್ಣ ಅಕ್ಷರದಲ್ಲಿ ಏನಾದರೂ ಇದೆಯಾ?"

ಸ್ವಲ್ಪ ಹೊತ್ತು ಮೌನ. "ಇದು ಬಿಲ್ ಅಲ್ಲ, ಸೇವೆ ಕೊಳ್ಳಲು ಆಹ್ವಾನ ಅಂತಿದೆ ಸರ್. ಥೂ!"

ಆ ಕಾಗದ ಆಮೇಲೆ ನಾನೂ ನೋಡಿದೆ. ಡೊಮೇನ್ ಹೆಸರು ದಪ್ಪಕ್ಷರದಲ್ಲಿ, ಅವಧಿ ಮುಗಿಯುವ ದಿನಾಂಕ ಕರಾರುವಾಕ್ಕಾಗಿ, ಅಡಿಯಲ್ಲಿ ಕತ್ತರಿಸಿ ಕಳಿಸುವ ಚೀಟಿ. ದಿನಾಂಕ ಸರಿಯಿದೆ ಅಂದಮಾತ್ರಕ್ಕೆ ಪತ್ರ ಅಸಲಿ ಅಂತಲ್ಲ, ಅದು ಯಾರು ಬೇಕಾದರೂ ನೋಡಬಹುದಾದ ಮಾಹಿತಿ. ಡೊಮೇನ್ ರಿಜಿಸ್ಟ್ರಿ ಆಫ್ ಅಮೆರಿಕ ಎಂಬ ಕಂಪನಿ ಇದೇ ಬಗೆಯ ನವೀಕರಣ ಪತ್ರಗಳಿಗಾಗಿ 2003ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್‌ನ ಕ್ರಮ ಎದುರಿಸಿತ್ತು. ಇಂಥ ಪತ್ರಕ್ಕೆ ದುಡ್ಡು ಕಟ್ಟಿದರೆ ಕೆಲವೊಮ್ಮೆ ಡೊಮೇನೇ ಅವರ ಕಡೆಗೆ ದುಬಾರಿ ದರಕ್ಕೆ ವರ್ಗವಾಗುತ್ತದೆ, ಕೆಲವೊಮ್ಮೆ ಕೈಗೆ ಏನೂ ಸಿಗುವುದಿಲ್ಲ.

ಅಂದಿನಿಂದ ಪ್ರತಿ ಸಂಸ್ಥೆಯ ಲೆಕ್ಕಪತ್ರದವರ ಮೇಜಿಗೂ ಒಂದು ಚೀಟಿ ಕೊಟ್ಟಿದ್ದೇನೆ: ನಮ್ಮ ರಿಜಿಸ್ಟ್ರಾರ್ ಇಂಥವರು, ಹಣ ಇಂಥ ತಿಂಗಳು ಹೋಗುತ್ತದೆ, ಬೇರೆ ಯಾರು ಕೇಳಿದರೂ ಕಟ್ಟಬೇಡಿ. ನಾನು ಮಾಡಿದ ಭದ್ರತಾ ಕೆಲಸಗಳಲ್ಲಿ ಅತ್ಯಂತ ಅಗ್ಗದ್ದೂ ಹೆಚ್ಚು ಉಪಯೋಗಕ್ಕೆ ಬಂದದ್ದೂ ಇದೇ.

"ನಿಮ್ಮ ಬ್ರಾಂಡಿನ ಹೆಸರನ್ನು ಇನ್ನೊಂದು ಕಂಪನಿ ಬೇರೆ ದೇಶದ ವಿಸ್ತರಣೆಗಳಲ್ಲಿ (ಹೆಸರಿನ ಕೊನೆಗೆ ಬರುವ ಡಾಟ್ ಇನ್ ಥರದ ಭಾಗ) ನೋಂದಾಯಿಸಲು ಅರ್ಜಿ ಹಾಕಿದೆ, ನಿಮ್ಮ ಅಭ್ಯಂತರ ತಿಳಿಸಿ" ಎನ್ನುವ ಮೇಲ್ ಇನ್ನೊಂದು ಜಾತಿಯದು. ಮರ್ಯಾದಸ್ಥ ಭಾಷೆ, ಕಾನೂನಿನ ಧಾಟಿ. ಉತ್ತರಿಸಿದರೆ ಹತ್ತು ವಿಸ್ತರಣೆ ಕೊಳ್ಳಿ ಎನ್ನುತ್ತಾರೆ. ಸಾಮಾನ್ಯವಾಗಿ ಡೊಮೇನ್ ಮೊದಲು ಬಂದವರಿಗೆ ಸಿಗುತ್ತದೆ. ಯಾವ ರಿಜಿಸ್ಟ್ರಾರೂ ಹೀಗೆ ಊರೆಲ್ಲ ಒಪ್ಪಿಗೆ ಕೇಳುತ್ತ ಕೂರುವುದಿಲ್ಲ. ಅಳಿಸಿ ಹಾಕಿ.

ಸ್ವಲ್ಪ ಕಷ್ಟದ್ದು ಇಮೇಲ್ ಪರಿಶೀಲನೆಯ ಹೆಸರಿನ ಮೋಸ. ಏಕೆಂದರೆ ಅಸಲಿ ನಿಯಮ ನಿಜಕ್ಕೂ ಇದೆ: ಹೊಸ ಡೊಮೇನ್ ಕೊಂಡಾಗ ಅಥವಾ ಮಾಲೀಕರ ವಿವರ ಬದಲಿಸಿದಾಗ ಇಮೇಲ್ ಖಚಿತಪಡಿಸಲು 15 ದಿನ ಕೊಡುತ್ತಾರೆ, ಮಾಡದಿದ್ದರೆ ಡೊಮೇನ್ ತಡೆಹಿಡಿಯಬಹುದು. ವಂಚಕರು ಅದನ್ನೇ ನಕಲು ಮಾಡುತ್ತಾರೆ. ನನ್ನ ನಿಯಮ ಸರಳ, ಮೇಲಿನಲ್ಲಿರುವ ಲಿಂಕ್ ಒತ್ತುವುದಿಲ್ಲ. ರಿಜಿಸ್ಟ್ರಾರ್ ವಿಳಾಸ ಬುಕ್‌ಮಾರ್ಕಿನಲ್ಲಿದೆ, ಅಲ್ಲಿಂದ ಒಳಗೆ ಹೋಗುತ್ತೇನೆ. ಬಾಕಿ ಕೆಲಸವಿದ್ದರೆ ಖಾತೆಯಲ್ಲೇ ಕಾಣುತ್ತದೆ. ಐಕ್ಯಾನ್ ಹೆಸರಿನಲ್ಲಿ ನವೀಕರಣದ ಹಣ ಕೇಳಿದರಂತೂ ಅದು ಮೋಸವೇ.

ಅವಧಿ ಮುಗಿದು ಕಳೆದುಕೊಳ್ಳುವುದನ್ನು ಕಳ್ಳತನ ಅನ್ನಲಾಗದು, ಆದರೂ ನಷ್ಟ ಅಷ್ಟೇ. ಡಾಟ್ ಕಾಮ್‌ನಲ್ಲಿ ಅವಧಿ ಮುಗಿದ ಮೇಲೆ ರಿಜಿಸ್ಟ್ರಾರ್‌ಗೆ 45 ದಿನದ ತನಕ ಅವಕಾಶ, ಅವರು ಅಳಿಸಿದ ಮೇಲೆ ಹೆಚ್ಚು ಹಣ ಕೊಟ್ಟು ಬಿಡಿಸಿಕೊಳ್ಳಲು 30 ದಿನ, ಆಮೇಲೆ 5 ದಿನ ಯಾರೂ ಮುಟ್ಟುವಂತಿಲ್ಲ, ನಂತರ ಎಲ್ಲರಿಗೂ ಮುಕ್ತ. ಮೊದಲಿನ 45 ದಿನ ನಿಮ್ಮ ಹಕ್ಕು ಎಂದುಕೊಳ್ಳಬೇಡಿ, ಎಷ್ಟು ದಿನ ಬಿಡಬೇಕೆಂದು ರಿಜಿಸ್ಟ್ರಾರ್ ನಿರ್ಧರಿಸುತ್ತಾರೆ, ಕೆಲವರು ನಡುವೆಯೇ ಹರಾಜಿಗಿಡುತ್ತಾರೆ. ಇನ್ನೊಂದು ಮೋಜು: ಅವಧಿ ಮುಗಿದ ದಿನ ರಿಜಿಸ್ಟ್ರಿ ತಾನಾಗಿಯೇ ಒಂದು ವರ್ಷ ಮುಂದಕ್ಕೆ ಹಾಕಿಬಿಡುತ್ತದೆ. ಹಣ ಕಟ್ಟಿರದಿದ್ದರೂ ಲುಕ್‌ಅಪ್ ಪುಟದಲ್ಲಿ ಮುಂದಿನ ವರ್ಷದ ದಿನಾಂಕ ಕಾಣಬಹುದು. ಹಾಗಾಗಿ ದಿನಾಂಕಕ್ಕೆ ಖಾತೆಯ ಒಳಗಿನದೇ ಪ್ರಮಾಣ. ಆಟೋ ರಿನ್ಯೂ ಇದ್ದರೂ ಕಾರ್ಡಿನ ಅವಧಿ ಮುಗಿದಿದ್ದರೆ ಅದು ಕೈ ಕೊಡುತ್ತದೆ. ಮುಖ್ಯವಾದವನ್ನು ನಾನು ಒಟ್ಟಿಗೆ ಹಲವು ವರ್ಷಕ್ಕೆ ಕಟ್ಟಿಸುತ್ತೇನೆ, ಗರಿಷ್ಠ ಮಿತಿ 10 ವರ್ಷ.

ಕೊಳ್ಳುವ, ಮಾರುವ ವ್ಯವಹಾರ ನನ್ನದು ಕಡಿಮೆ. "ಭಾರಿ ಬೆಲೆಗೆ ಕೊಳ್ಳುತ್ತೇನೆ, ಮೊದಲು ಇಂಥ ಕಡೆ ಮೌಲ್ಯಮಾಪನ ಪತ್ರ ಮಾಡಿಸಿ" ಅಂದವನಿಗೆ ಬೇಕಿರುವುದು ಆ ಪತ್ರದ ಶುಲ್ಕ ಮಾತ್ರ. ವ್ಯವಹಾರ ಮುಗಿಯುವ ತನಕ ಹಣವನ್ನು ನಡುವೆ ಹಿಡಿದಿಡುವ ಎಸ್ಕ್ರೋ ಸೇವೆಯ ವಿಳಾಸವನ್ನು ಎದುರಿನವರು ಕಳಿಸಿದ ಲಿಂಕಿನಿಂದ ತೆರೆಯದೆ ನೀವೇ ಟೈಪ್ ಮಾಡಿ, ಹಣ ತಲುಪಿದೆ ಎಂದು ಅಲ್ಲಿ ಖಾತ್ರಿಯಾಗುವ ತನಕ ಆಥ್ ಕೋಡ್ ಕೊಡಬೇಡಿ.

ಇಷ್ಟಾಗಿಯೂ ಹೋದರೆ? ಎಲ್ಲ ಗಂಟೆಯ ಲೆಕ್ಕ. ನ್ಯೂಯಾರ್ಕಿನ ಪ್ಯಾನಿಕ್ಸ್ ಎಂಬ ಇಂಟರ್ನೆಟ್ ಕಂಪನಿಯ ಡೊಮೇನನ್ನು 2005ರ ಜನವರಿಯಲ್ಲಿ ವಾರಾಂತ್ಯ ನೋಡಿಯೇ ಹಾರಿಸಿದ್ದರು. ಅದು ಹೋಗಿ ಸೇರಿದ ಆಸ್ಟ್ರೇಲಿಯಾದ ರಿಜಿಸ್ಟ್ರಾರ್ ಕಚೇರಿಯಲ್ಲಿ ಸೋಮವಾರದ ತನಕ ಅಹವಾಲು ಕೇಳುವವರಿರಲಿಲ್ಲ. ಈಗ ಐಕ್ಯಾನ್ ನಿಯಮದಂತೆ ರಿಜಿಸ್ಟ್ರಾರ್‌ಗಳ ನಡುವೆ ತುರ್ತು ಸಂಪರ್ಕದ ವ್ಯವಸ್ಥೆ ಇದೆ, ಆ ಕಡೆಯವರು 4 ಗಂಟೆಯೊಳಗೆ ಉತ್ತರಿಸಬೇಕು. ಅದನ್ನು ನೀವು ನೇರವಾಗಿ ಬಳಸುವಂತಿಲ್ಲ, ನಿಮ್ಮ ಹಳೆಯ ರಿಜಿಸ್ಟ್ರಾರ್ ಬಳಸಬೇಕು. ಫೋನ್ ಮಾಡಿದಾಗ "ಟ್ರಾನ್ಸ್‌ಫರ್ ಎಮರ್ಜೆನ್ಸಿ ಆ್ಯಕ್ಷನ್ ಕಾಂಟ್ಯಾಕ್ಟ್ ಮೂಲಕ ಅವರನ್ನು ಹಿಡಿಯಿರಿ" ಎಂದು ಹೆಸರು ಹೇಳಿಯೇ ಕೇಳಿ, ಮೊದಲ ಸಾಲಿನ ಸಿಬ್ಬಂದಿಗೆ ಅದು ಗೊತ್ತಿಲ್ಲದಿದ್ದರೆ ಮೇಲಿನವರನ್ನು ಕರೆಸಿ. ಬೇರೆ ರಿಜಿಸ್ಟ್ರಾರ್‌ಗೆ ಹೋಗದೆ ಅದೇ ಕಂಪನಿಯ ಇನ್ನೊಂದು ಖಾತೆಗೆ ಸರಿದಿದ್ದರೆ ಕೆಲಸ ಇನ್ನೂ ಸುಲಭ. ಯುಡಿಆರ್‌ಪಿ ಎಂಬ ದೂರು ವ್ಯವಸ್ಥೆ 1999ರಿಂದ ಇದೆ, ಆದರೆ ಅದನ್ನು ಮಾಡಿದ್ದು ಟ್ರೇಡ್‌ಮಾರ್ಕ್ ತಕರಾರಿಗೆ. ಕಳ್ಳತನಕ್ಕೆ ಪೊಲೀಸು, ಕೋರ್ಟು.

ಎಲ್ಲೇ ಹೋದರೂ ಮೊದಲು ಕೇಳುವುದು ಪುರಾವೆ. ನೋಂದಣಿಯ ಮೊದಲ ಮೇಲ್, ಪ್ರತಿ ವರ್ಷದ ರಸೀದಿ, ಖಾತೆಯ ಸ್ಕ್ರೀನ್‌ಶಾಟ್, ಸಂಸ್ಥೆಯ ನೋಂದಣಿ ಪತ್ರ ಇವನ್ನು ಪ್ರತಿ ಡೊಮೇನಿಗೂ ಒಂದು ಫೋಲ್ಡರಿನಲ್ಲಿ ಇಟ್ಟಿದ್ದೇನೆ, ಆ ಡೊಮೇನಿನ ಸರ್ವರ್ ಮೇಲಲ್ಲ. ಡೊಮೇನ್ ವಾಪಸು ಬಂದ ಮೇಲೂ ಕೆಲಸ ಉಳಿಯುತ್ತದೆ. ನಡುವಿನ ದಿನಗಳಲ್ಲಿ ಆ ವಿಳಾಸಗಳಿಗೆ ಬಂದ ಮೇಲನ್ನೆಲ್ಲ ಯಾರೋ ಓದಿದ್ದಾರೆ ಎಂದೇ ತಿಳಿದು, ಅವುಗಳಿಗೆ ಜೋಡಿಸಿದ ಬ್ಯಾಂಕು, ಹೋಸ್ಟಿಂಗ್, ಸೋಷಿಯಲ್ ಮೀಡಿಯಾ ಖಾತೆಗಳ ಪಾಸ್‌ವರ್ಡ್ ಬದಲಿಸಬೇಕು. ಆ ಅವಧಿಯಲ್ಲಿ ನಿಮ್ಮ ಹೆಸರಿಗೆ ಬೇರೆಯವರು ಪಡೆದ ಎಸ್‌ಎಸ್‌ಎಲ್ ಪ್ರಮಾಣಪತ್ರಗಳನ್ನು (ಸೈಟು ಅಸಲಿ ಎಂದು ಬ್ರೌಸರ್‌ಗೆ ತೋರಿಸುವವು) ಸರ್ಟಿಫಿಕೇಟ್ ಟ್ರಾನ್ಸ್‌ಪರೆನ್ಸಿ ಎಂಬ ಸಾರ್ವಜನಿಕ ದಾಖಲೆಗಳಲ್ಲಿ ಹುಡುಕಿ, ಒಂದೊಂದಾಗಿ ರದ್ದು ಮಾಡಿಸಬೇಕು.