ನಾಲೆಯ ಆಚೆ, ನಾಲೆಯ ಈಚೆ: ಮಂಡ್ಯ ಸೀಮೆಯನ್ನು ಊಟದ ಮೂಲಕ ಅರಿತ ಬಗೆ

ಮೈಸೂರಿನಲ್ಲಿ ನೆಲೆಸಿರುವ ನಾನು ಬಿಡುವಾದಾಗಲೆಲ್ಲ ಮಂಡ್ಯ ಜಿಲ್ಲೆಯ ಹಳ್ಳಿಗಳನ್ನು ಸುತ್ತುವ ರೂಢಿಯನ್ನು ಬಹಳ ಕಾಲದಿಂದ ಇಟ್ಟುಕೊಂಡಿದ್ದೇನೆ. ಹೊಸ ಊರಿಗೆ ಹೋದವರು ಮೊದಲು ಕೇಳುವುದು ‘ಇಲ್ಲಿ ತಿನ್ನಲು ಏನು ಫೇಮಸ್ಸು?’ ಎಂದು. ಅದಕ್ಕೆ ಮದ್ದೂರಿನಲ್ಲಿ ವಡೆ, ಮೇಲುಕೋಟೆಯಲ್ಲಿ ಪುಳಿಯೋಗರೆ, ಮೈಸೂರಿನಲ್ಲಿ ಮೈಸೂರು ಪಾಕ್ ಎಂಬ ಸಿದ್ಧ ಉತ್ತರ ದೊರೆಯುತ್ತದೆ; ಉತ್ತರ ಸುಳ್ಳೇನಲ್ಲ, ಆದರೆ ಅಲ್ಲಿಂದ ಮುಂದಕ್ಕೆ ಮಾತು ಬೆಳೆಯುವುದಿಲ್ಲ. ನಾನು ಕೇಳುವ ಪ್ರಶ್ನೆ ಬೇರೆ: ‘ಇವತ್ತು ನಿಮ್ಮ ಮನೆಯಲ್ಲಿ ಏನು ಸಾರು?’ ಈ ಪ್ರಶ್ನೆಗೆ ಬರುವ ಉತ್ತರದಲ್ಲಿ ಆ ಊರಿನ ಬೆಳೆ, ನೀರು, ವಾರ, ಹಬ್ಬ, ಮನೆಯ ಕೈಸಾಲದ ತನಕ ಎಲ್ಲವೂ ಒಂದೊಂದಾಗಿ ಹೊರಬರುತ್ತವೆ.

ಮಂಡ್ಯದ ಊಟ ಅರ್ಥವಾಗಬೇಕಾದರೆ ಮೊದಲು ನೀರು ಎಲ್ಲಿ ಹರಿಯುತ್ತದೆ ಎಂಬುದನ್ನು ತಿಳಿಯಬೇಕು. ಶ್ರೀರಂಗಪಟ್ಟಣದ ಸುತ್ತಮುತ್ತ ಒಡೆಯರ ಕಾಲದ ಹಳೆಯ ನಾಲೆಗಳಿದ್ದವಾದರೂ, ಮಂಡ್ಯ, ಮದ್ದೂರು, ಮಳವಳ್ಳಿ ಕಡೆಯ ಬಹುಪಾಲು ಭೂಮಿ ಮಳೆಯನ್ನೇ ನಂಬಿದ ಹೊಲವಾಗಿತ್ತು. 1911ರಲ್ಲಿ ಕನ್ನಂಬಾಡಿಯಲ್ಲಿ ಕಟ್ಟೆಯ ಕೆಲಸ ಆರಂಭವಾಗಿ, ಮುಂದೆ ವಿಶ್ವೇಶ್ವರಯ್ಯ ನಾಲೆಯಲ್ಲಿ ನೀರು ಹರಿದು, 1933ರಲ್ಲಿ ಮಂಡ್ಯದ ಸಕ್ಕರೆ ಕಾರ್ಖಾನೆ ಸ್ಥಾಪನೆಯಾದ ಮೇಲೆ ಇಲ್ಲಿನ ಹೊಲಗಳು ಗದ್ದೆಗಳಾದವು, ಭತ್ತ ಮತ್ತು ಕಬ್ಬು ಮನೆಯ ಬೆಳೆಗಳಾದವು. ಅದೇ ಜಿಲ್ಲೆಯ ನಾಗಮಂಗಲದ ಕಡೆಗೆ ಹೋದರೆ ಈಗಲೂ ರಾಗಿ, ಹುರುಳಿ, ಅವರೆ, ಹುಚ್ಚೆಳ್ಳು, ತೆಂಗು ಇವುಗಳ ಲೋಕ ತೆರೆಯುತ್ತದೆ. ನಾಲೆಯ ಬಯಲಿನ ಊರಿನಲ್ಲಿ ಬೆಳಗಿನ ತಿಂಡಿಗೆ ಅಕ್ಕಿರೊಟ್ಟಿಯೋ ಒತ್ತುಶ್ಯಾವಿಗೆಯೋ ಸಿಕ್ಕರೆ, ಮಳೆ ನಂಬಿದ ಊರಿನಲ್ಲಿ ರಾಗಿರೊಟ್ಟಿಗೆ ಹುಚ್ಚೆಳ್ಳು ಚಟ್ನಿ ಸಿಗುವ ಸಂಭವ ಹೆಚ್ಚು. ಇದನ್ನು ಗಮನಿಸಲು ಕಲಿತ ಮೇಲೆ, ನಾಲೆ ಎಲ್ಲಿಯವರೆಗೆ ಹೋಗಿದೆ ಎಂಬುದನ್ನು ಕೆಲವೊಮ್ಮೆ ತಟ್ಟೆ ನೋಡಿಯೇ ಊಹಿಸುವಂತಾಯಿತು.

ಆದರೂ ಮಧ್ಯಾಹ್ನದ ಮುದ್ದೆ ಎರಡೂ ಕಡೆ ಉಳಿದುಕೊಂಡಿದೆ. ಗದ್ದೆಯಲ್ಲಿ ಭತ್ತ ಬೆಳೆದು ಮಾರುವ ಮನೆಯವರು ರಾಗಿಯನ್ನು ಸಂತೆಯಲ್ಲಿ ಕೊಂಡು ತಂದು ಮುದ್ದೆ ಮಾಡುವುದನ್ನು ನಾನು ಬೇಕಾದಷ್ಟು ಕಡೆ ಕಂಡಿದ್ದೇನೆ. ಮಂಡ್ಯದ ಕೃಷಿ ಸಂಶೋಧನಾ ಕೇಂದ್ರವಾದ ವಿ.ಸಿ. ಫಾರ್ಮ್‌ನಲ್ಲಿ ಕೆಲಸ ಮಾಡಿದ ವಿಜ್ಞಾನಿ ಲಕ್ಷ್ಮಣಯ್ಯನವರು ನಮ್ಮ ರಾಗಿಯನ್ನು ಆಫ್ರಿಕಾದ ರಾಗಿಯೊಂದಿಗೆ ಕೂಡಿಸಿ ಇಂಡಾಫ್ ತಳಿಗಳನ್ನು ಕೊಟ್ಟರು; ‘ರಾಗಿ ಲಕ್ಷ್ಮಣಯ್ಯ’ ಎಂದೇ ಜನ ಅವರನ್ನು ಕರೆದರು. ವಯಸ್ಸಾದ ರೈತರ ಬಳಿ ರಾಗಿಯ ಮಾತು ತೆಗೆಯಬೇಕೆಂದರೆ ನಾನು ಇಂಡಾಫ್ ಎಂಬ ಹೆಸರನ್ನು ಎತ್ತುತ್ತೇನೆ. ಬಳಿಕ ಯಾವ ತಳಿಯ ಹಿಟ್ಟು ಜಿಗುಟು, ಯಾವುದರ ಮುದ್ದೆ ಸಂಜೆಯವರೆಗೆ ಹಸಿವು ತಡೆಯುತ್ತದೆ ಎಂಬ ವಾದ ಜಗುಲಿಯ ಮೇಲೆ ತಾನಾಗಿಯೇ ನಡೆಯುತ್ತದೆ.

ಮುದ್ದೆಗೆ ಜೊತೆಯಾಗುವ ಉಪ್ಪೆಸರಿನ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಈ ಸೀಮೆಯ ಅಡುಗೆಯ ಜಾಣ್ಮೆ ನನಗೆ ಸ್ಪಷ್ಟವಾಗಿ ಕಂಡದ್ದು ಅದರಲ್ಲೇ. ಅವರೆಕಾಳನ್ನೋ ಅಲಸಂದೆಯನ್ನೋ ಸೊಪ್ಪಿನೊಂದಿಗೆ ಉಪ್ಪು ಹಾಕಿ ಬೇಯಿಸಿ, ಬೆಂದ ನೀರನ್ನು, ಅಂದರೆ ಕಟ್ಟನ್ನು, ಬಸಿದುಕೊಳ್ಳುತ್ತಾರೆ. ಉಳಿದ ಸೊಪ್ಪು ಕಾಳಿಗೆ ಒಗ್ಗರಣೆ ಹಾಕಿದರೆ ಪಲ್ಯವಾಯಿತು. ಹಸಿಮೆಣಸಿನಕಾಯಿ ಅಥವಾ ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಜೀರಿಗೆ, ಕಾಳುಮೆಣಸು, ಹುಣಸೆಹಣ್ಣು ಸೇರಿಸಿ ರುಬ್ಬಿದ ಖಾರವನ್ನು ಬೇರೆಯಾಗಿಯೇ ಬಡಿಸುತ್ತಾರೆ. ಉಣ್ಣುವವರು ತಮಗೆ ಬೇಕಾದಷ್ಟನ್ನು ಕಟ್ಟಿನಲ್ಲಿ ಕಲಸಿಕೊಳ್ಳುತ್ತಾರೆ. ಅದೇ ಕಟ್ಟಿಗೆ ಮಸಾಲೆ ರುಬ್ಬಿ ಹಾಕಿ ಕುದಿಸಿದರೆ ಬಸ್ಸಾರು. ಒಂದೇ ಪಾತ್ರೆಯ ಬೇಯುವಿಕೆಯಲ್ಲಿ ಸಾರೂ ಪಲ್ಯವೂ ಸಿದ್ಧವಾಗುತ್ತವೆ, ಮಗುವಿಗೂ ಮುದುಕರಿಗೂ ಖಾರ ಅವರವರ ಅಳತೆಗೆ ಸಿಗುತ್ತದೆ, ಸೌದೆ ಉಳಿಯುತ್ತದೆ. ಹೊಲದ ಕೆಲಸಕ್ಕೆ ಹೊರಡುವ ಹೆಣ್ಣುಮಕ್ಕಳು ರೂಪಿಸಿದ ಅಡುಗೆಯಿದು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ ಎನ್ನಿಸುತ್ತದೆ.

ಆದರೆ ಉಪ್ಪೆಸರು ಅತಿಥಿಯ ತಟ್ಟೆಗೆ ಸುಲಭವಾಗಿ ಬರುವುದಿಲ್ಲ. ಪೇಟೆಯಿಂದ ಬಂದವರೆಂದು ತಿಳಿದ ಕೂಡಲೇ ಮನೆಯವರು ರವೆ ತರಿಸಿ ಉಪ್ಪಿಟ್ಟು ಕೆದಕಲು ಮುಂದಾಗುತ್ತಾರೆ. ‘ಅಯ್ಯೋ, ಬರೀ ಉಪ್ಪೆಸ್ರು ಮಾಡಿವ್ನಿ ಕಣಪ್ಪ, ನಿಮ್ಗೆ ಅದ್ನ ಹೆಂಗಿಕ್ಲಿ?’ ಎಂದು ಪಾಂಡವಪುರದ ಕಡೆಯ ಅಜ್ಜಿಯೊಬ್ಬರು ನಿಜವಾಗಿಯೂ ಸಂಕಟಪಟ್ಟಿದ್ದರು. ‘ಅದೇ ಬೇಕು ಅಜ್ಜಿ, ಉಪ್ಪಿಟ್ಟು ನಮ್ಮ ಮನೆಯಲ್ಲೂ ಇದೆ’ ಎಂದು ನಾನು ಒಲೆಯ ಪಕ್ಕದಲ್ಲೇ ಕುಳಿತ ಮೇಲೆ ಅವರ ಮುಖ ಸಡಿಲವಾಯಿತು. ಇಂಥ ಮನೆಗೆ ಬರಿಗೈಯಲ್ಲಿ ಹೋಗಬಾರದು. ಒಂದು ಚಿಪ್ಪು ಬಾಳೆಹಣ್ಣು, ಒಂದು ಕಟ್ಟು ಮೈಸೂರು ಚಿಗುರೆಲೆ, ಅಡಿಕೆ ಒಯ್ದರೆ ಸಾಕು. ಮೈಸೂರಿನ ದೇವರಾಜ ಮಾರುಕಟ್ಟೆಯಲ್ಲಿ ಇವನ್ನು ಕೊಂಡುಕೊಳ್ಳುವ ನೆಪದಲ್ಲಿ ನಂಜನಗೂಡು ರಸಬಾಳೆಯ ವಿಚಾರವನ್ನೂ ಕೇಳಬಹುದು. ಸೊರಗು ರೋಗದಿಂದ ಸೊರಗಿಹೋದ ಆ ಬಾಳೆ ಈಗ ಅಪರೂಪ. ಊಟಕ್ಕೆ ಹಣ ಕೊಡಲು ಹೋದರೆ ಅವಮಾನ ಮಾಡಿದಂತಾಗುತ್ತದೆ, ಮಗುವಿನ ಕೈಗೆ ಏನಾದರೂ ಇಟ್ಟು ಬರುವುದು ಹಿಂದಿನಿಂದ ನಡೆದುಬಂದ ದಾರಿ. ಒಲೆಯ ಮುಂದಿನ ಹೆಂಗಸರ ಫೋಟೋವನ್ನು ಕೇಳದೆ ತೆಗೆಯುವವರನ್ನು ಕಂಡರೆ ನನಗೆ ಆಗುವುದಿಲ್ಲ.

ಕುಡಿಯುವುದರ ವಿಷಯಕ್ಕೆ ಬಂದರೆ, ರಸ್ತೆ ಬದಿಯ ಕಬ್ಬಿನ ಹಾಲಿಗಿಂತ ಬೆಲ್ಲ ತಯಾರಿಸುವ ಆಲೆಮನೆಯ ಕಬ್ಬಿನ ಹಾಲೇ ನನಗೆ ಮೆಚ್ಚು. ಬೆಳಗ್ಗೆ ಬೇಗ ಹೋದರೆ ಗಾಣದಿಂದ ಇಳಿದ ಹಾಲು ಕೊಪ್ಪರಿಗೆ ಸೇರುವುದರಿಂದ ಹಿಡಿದು ಬೆಲ್ಲ ಅಚ್ಚಿಗೆ ಬೀಳುವವರೆಗಿನ ಪೂರ್ತಿ ಕೆಲಸವನ್ನು ನೋಡಬಹುದು. ಹಿಂಡಿ ಒಣಗಿಸಿದ ಕಬ್ಬಿನ ಸಿಪ್ಪೆಯೇ ಒಲೆಗೆ ಉರುವಲು. ಸುಣ್ಣ ಹಾಕಿದಾಗ ಮೇಲೆ ಬರುವ ಕೊಳೆಯನ್ನು ತೆಗೆಯುತ್ತಾ ಹೋಗುತ್ತಾರೆ, ಹಿಂದೆ ಇದೇ ಕೆಲಸಕ್ಕೆ ಬೆಂಡೆಗಿಡದ ಲೋಳೆಯನ್ನೂ ಬಳಸುತ್ತಿದ್ದರು. ನೊರೆ ಉಕ್ಕಿದರೆ ಒಂದಿಷ್ಟು ಎಣ್ಣೆ ಬಿಡುತ್ತಾರೆ. ಪಾಕವನ್ನು ತಣ್ಣೀರಿಗೆ ಬಿಟ್ಟು ಬೆರಳಲ್ಲಿ ಉಂಡೆ ಕಟ್ಟಿ ನೋಡಿ ಹದ ಹೇಳುವವನೇ ಅಲ್ಲಿನ ಯಜಮಾನ, ಮಾಲೀಕನೂ ಅವನ ಮಾತು ಮೀರುವುದಿಲ್ಲ. ನಾನು ಹೋದ ಆಲೆಮನೆಯೊಂದರಲ್ಲಿ ಉತ್ತರ ಭಾರತದಿಂದ ಬಂದ ಕಾರ್ಮಿಕರೇ ಹೆಚ್ಚಾಗಿದ್ದು, ಅವರ ರೊಟ್ಟಿ ಅದೇ ಬೆಂಕಿಯ ಮೇಲೆ ಬೇಯುತ್ತಿತ್ತು. ಸ್ಥಳೀಯ ಸಂಸ್ಕೃತಿ ಎಂದು ನಾವು ಕರೆಯುವುದರಲ್ಲಿ ಈಗ ಅವರ ಬೆವರೂ ಇದೆ. ಅಚ್ಚು ಬೆಲ್ಲ, ಬಕೆಟ್ ಬೆಲ್ಲ ಎಂದು ಬಗೆಗಳಿವೆ. ಹೊಳೆಯುವ ಹಳದಿ ಬೆಲ್ಲವನ್ನು ಕಂಡು ಮರುಳಾಗದೆ ಕಂದು ಬಣ್ಣದ್ದನ್ನೇ ಕೇಳಿ ತರುತ್ತೇನೆ, ಏಕೆಂದರೆ ಆ ಹಳದಿಯನ್ನು ಬಹುಪಾಲು ರಾಸಾಯನಿಕ ಹಾಕಿ ಬರಿಸಿರುತ್ತಾರೆ.

ಹಬ್ಬದ ಲೆಕ್ಕವನ್ನೂ ಹಾಕಿಕೊಂಡು ಹೊರಡುವುದು ಒಳ್ಳೆಯದು. ಅವರೆಯ ಸೊಗಡನ್ನು ಹುಡುಕುವವರು ಮಾರ್ಗಶಿರ, ಪುಷ್ಯ ಮಾಸದ ಚಳಿಯಲ್ಲಿ ಬರಬೇಕು. ಮನೆಮಂದಿಯೆಲ್ಲ ಕುಳಿತು ಅವರೆಕಾಳು ಹಿಸುಕುವಾಗ ನೀವೂ ಕೈಹಾಕಿದರೆ ಕೇಳದೆಯೇ ಕಥೆಗಳು ಬರುತ್ತವೆ. ಸಂಕ್ರಾಂತಿಯ ಸಂಜೆ ಎತ್ತುಗಳನ್ನು ಕಿಚ್ಚು ಹಾಯಿಸುತ್ತಾರೆ. ಫಾಲ್ಗುಣದಲ್ಲಿ ಮೇಲುಕೋಟೆಯ ವೈರಮುಡಿ ಉತ್ಸವ. ಆ ದಟ್ಟಣೆಯಲ್ಲಿ ಪುಳಿಯೋಗರೆಯ ರುಚಿ ನೋಡುವುದಕ್ಕಿಂತ ಸಾಮಾನ್ಯ ದಿನದಲ್ಲಿ ಹೋಗಿ, ಹುಣಸೆ ಗೊಜ್ಜು ಎಣ್ಣೆ ಬಿಡುವವರೆಗೆ ಕುದಿಯುವುದನ್ನು ನೋಡಿದರೆ ಅದು ದಿನಗಟ್ಟಲೆ ಕೆಡದಿರುವ ಕಾರಣ ತಿಳಿಯುತ್ತದೆ. ಯುಗಾದಿಯ ಮರುದಿನ ಹೊಸತೊಡಕು. ಕೆಲವು ಮನೆಯವರು ಸೇರಿ ಕುರಿ ಕೊಂಡು ಕೊಯ್ಸಿ, ಮಾಂಸವನ್ನು ಸಮನಾದ ಗುಡ್ಡೆಗಳಾಗಿ ಹಂಚಿಕೊಳ್ಳುವ ‘ಗುಡ್ಡೆ ಬಾಡು’ ಅಂದು ಊರೂರಲ್ಲಿ ನಡೆಯುತ್ತದೆ. ಮಳವಳ್ಳಿಯ ಬಂಡೂರು ಕುರಿಯ ಹೆಸರು ಆ ದಿನ ಹೆಚ್ಚು ಕೇಳಿಬರುತ್ತದೆ, ಆದರೆ ಬಂಡೂರೆಂದು ಮಾರಾಟವಾಗುವುದೆಲ್ಲ ಬಂಡೂರಿನದೇ ಎಂದು ನಂಬಬೇಕಾಗಿಲ್ಲ. ಅದಾಗಿ ಕೆಲವೇ ದಿನಗಳಿಗೆ ರಾಮನವಮಿ, ಬೀದಿಬೀದಿಯಲ್ಲಿ ಪಾನಕ ಕೋಸಂಬರಿ. ಬೇಸಗೆ ಬಲಿಯುವ ಹೊತ್ತಿಗೆ ಬೆಲ್ಲ, ಶುಂಠಿ, ಏಲಕ್ಕಿಯ ಆ ನೀರನ್ನು ಯಾರು ಯಾರಿಗೆ ಬೇಕಾದರೂ ಕೊಡುತ್ತಾರೆ.

ಮದ್ದೂರು ವಡೆಯನ್ನು ಕೊನೆಗೆ ಇಟ್ಟುಕೊಂಡದ್ದಕ್ಕೆ ಕಾರಣವಿದೆ. ಅಕ್ಕಿಹಿಟ್ಟು, ರವೆ, ಮೈದಾ, ಧಾರಾಳವಾದ ಈರುಳ್ಳಿ ಸೇರಿದ ಈ ವಡೆ ಹೊಲದಿಂದ ಬಂದದ್ದಲ್ಲ, ರೈಲಿನಿಂದ ಬೆಳೆದದ್ದು. 1917ರ ಹೊತ್ತಿಗೆ ಮದ್ದೂರು ನಿಲ್ದಾಣದಲ್ಲಿ ಮಾರಾಟ ಆರಂಭವಾಯಿತೆಂಬುದು ಊರಿನಲ್ಲಿ ಎಲ್ಲರೂ ಹೇಳುವ ಮಾತು. ರೈಲಿನ ಬಳಿಕ ಹೆದ್ದಾರಿಯ ಹೋಟೆಲುಗಳು ಅದನ್ನು ಸಾಕಿದವು. 2023ರಲ್ಲಿ ಬೆಂಗಳೂರು ಮೈಸೂರು ಎಕ್ಸ್‌ಪ್ರೆಸ್‌ವೇ ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣಗಳನ್ನು ಪಕ್ಕಕ್ಕೆ ಬಿಟ್ಟು ಹೊರಟ ಮೇಲೆ ಹಳೆಯ ರಸ್ತೆಯ ಹೋಟೆಲುಗಳಿಗೆ ಗಿರಾಕಿ ಕಡಿಮೆಯಾಗಿರುವುದು ಹೋದವರಿಗೆಲ್ಲ ಕಾಣುತ್ತದೆ. ಆದ್ದರಿಂದ ಬೆಂಗಳೂರಿನಿಂದ ಬರುವ ಸ್ನೇಹಿತರಿಗೆ ನಾನು ಒಂದು ಮಾತನ್ನು ತಪ್ಪದೆ ಹೇಳುತ್ತೇನೆ: ಪ್ಯಾಸೆಂಜರ್ ರೈಲಿನಲ್ಲಿ ಬನ್ನಿ, ಇಲ್ಲವೇ ಹಳೆಯ ರಸ್ತೆಯನ್ನು ಹಿಡಿಯಿರಿ, ಮಧ್ಯಾಹ್ನದ ಊಟಕ್ಕೆ ಮಾತ್ರ ವಡೆಯನ್ನು ನಂಬದೆ ಮುದ್ದೆ ಸಿಗುವ ಸಣ್ಣ ಹೋಟೆಲನ್ನು ಹುಡುಕಿ, ಒಂದು ಗಂಟೆ ಹೊಡೆಯುವುದರೊಳಗೆ ಹೋಗಿ ಕೂರಿ, ತಡವಾದರೆ ಸಾರು ಮುಗಿದಿರುತ್ತದೆ.